ಎಐ ಜೊತೆ ಕತೆ ಬರೆಯೋರು ಇದ್ದೀರಾ? ಸತ್ತ ಪಾತ್ರ ಎದ್ದು ಬರ್ತಿದೆ

ಅಡಿಕೆತೋಟ:
ನಾನೊಂದು ಪ್ಯಾರಾ ಅದೊಂದು ಪ್ಯಾರಾ ಅಂತ ಒಂದು ಪತ್ತೇದಾರಿ ಕತೆ ನಡೀತಿದೆ, ಶುರುವಲ್ಲಿ ಸಖತ್ತಾಗಿತ್ತು, ಆದ್ರೆ ಮೊದಲನೇ ಅಧ್ಯಾಯದಲ್ಲೇ ಕೊಲೆಯಾದ ಶಾನುಭೋಗ್ರು ಈಗ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ತಾ ಕೊಲೆಗಾರನ ಹತ್ರಾನೇ ಸುಣ್ಣ ಕೇಳ್ತಿದಾರೆ. ಇಂಗ್ಲಿಷಲ್ಲಿ ಇಷ್ಟು ಬೇಗ ಹಳ್ಳ ಹಿಡಿಯಲ್ಲ. ಯಾಕೆ?

ಕೀಲಿಮಣೆ_ಕಿಟ್ಟಿ:
ಅದಕ್ಕೆ ಒಂದ್ಸಲಕ್ಕೆ ಕಾಣೋದು ಇಂತಿಷ್ಟೇ ಟೋಕನ್ (ಅಂದ್ರೆ ಪದದ ತುಂಡು) ಸರ್, ಅದು ತುಂಬಿದ್ಮೇಲೆ ಹಳೇದು ಆಚೆ ಹೋಗುತ್ತೆ. 2019ರಲ್ಲಿ ನಿಕ್ ವಾಲ್ಟನ್ ಮಾಡಿದ ಎಐ ಡಂಜನ್ ಅನ್ನೋ ಕತೆಯಾಟ ನೆನಪಿದ್ಯಾ, ಅದರ ಹಿಂದಿದ್ದ ಜಿಪಿಟಿ-2 ಅನ್ನೋ ಮಾಡೆಲ್‌ಗೆ ಬರೀ 1024 ಟೋಕನ್. ಈಗಿನ ದೊಡ್ಡ ಮಾಡೆಲ್‌ಗಳಲ್ಲಿ ಲಕ್ಷದ ಲೆಕ್ಕ, ಆದ್ರೂ ಖರ್ಚು ಉಳಿಸೋಕೆ ಹಳೇ ಪ್ಯಾರಾ ಕತ್ತರಿಸೋ ಆ್ಯಪ್‌ಗಳಿವೆ.
ಕನ್ನಡಕ್ಕೆ ಇನ್ನೂ ಕಷ್ಟ. ಕಂಪ್ಯೂಟರ್ ಅಕ್ಷರ ಉಳಿಸೋ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ನಮ್ಮ ಒಂದೊಂದು ಚಿಹ್ನೆಗೆ 3. "ಸ್ತ್ರೀ" ಅಂತ ಟೈಪ್ ಮಾಡಿ ನೋಡಿ, ಒತ್ತು, ದೀರ್ಘ ಎಲ್ಲಾ ಬಿಡಿಬಿಡಿಯಾಗಿ 6 ಚಿಹ್ನೆ, 18 ಬೈಟ್! ಕನ್ನಡ ಕಮ್ಮಿ ಓದಿರೋ ಟೋಕನೈಸರ್ (ಬರಹನ ಟೋಕನ್ ಮಾಡೋ ಭಾಗ) ಇದನ್ನ ಚೂರುಚೂರು ಮಾಡುತ್ತೆ, ಅದಕ್ಕೇ ಅಷ್ಟೇ ಜಾಗದಲ್ಲಿ ಇಂಗ್ಲಿಷ್ ಕತೆ ಜಾಸ್ತಿ ಹಿಡಿಯುತ್ತೆ. ನಿಮ್ಮ ಆ್ಯಪಲ್ಲಿ ಮೆಮೊರಿ ಅಂತ ಬಾಕ್ಸ್ ಇದ್ರೆ ಶಾನುಭೋಗ್ರು ಸತ್ತಿದ್ದು ಯಾರಿಗೆಲ್ಲ ಗೊತ್ತು ಅಂತ ಅದ್ರಲ್ಲಿ ಬರೆದಿಡಿ, ಪ್ರತಿ ಸಲ ಜೊತೆಗೇ ಹೋಗುತ್ತೆ.

ಹಳೇ_ಕೋಡು:
ಕಿಟ್ಟಿ ಹೇಳಿದ "ಯಾರಿಗೆ ಗೊತ್ತು" ಅನ್ನೋ ಪಟ್ಟಿ ಹಳೇ ಉಪಾಯಾನೇ. 1970ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೀಹನ್ ಅನ್ನೋರು ಟೇಲ್-ಸ್ಪಿನ್ ಅಂತ ಪ್ರೋಗ್ರಾಂ ಮಾಡಿದ್ರು, ಯಾವ ಪ್ರಾಣಿಗೆ ಏನು ಬೇಕು ಏನು ಗೊತ್ತು ಅಂತ ಲೆಕ್ಕ ಇಟ್ಟೇ ಅದು ಕತೆ ಕಟ್ತಿತ್ತು. ಒಂದ್ಸಲ ಇರುವೆ ನದಿಗೆ ಬಿತ್ತು, ಅದನ್ನ ಎಳೆದಿದ್ದು ಗುರುತ್ವಾಕರ್ಷಣೆ, ಅಂದ್ಮೇಲೆ ಅದೂ ಒಂದು ಪಾತ್ರ ಅಂತ ಪ್ರೋಗ್ರಾಂ ಲೆಕ್ಕ. ಪಾಪ ಅದಕ್ಕೆ ಈಜೋಕೆ ಕೈಕಾಲಿಲ್ಲ, ಕೂಗೋಕೆ ಸ್ನೇಹಿತರಿಲ್ಲ, ಗುರುತ್ವಾಕರ್ಷಣೆ ಮುಳುಗಿ ಸತ್ತೋಯ್ತು 😂 ಪಟ್ಟಿ ಇಟ್ರೂ ಕಣ್ಣಿಟ್ಟಿರಬೇಕು.

ಸುಮ್ನೆ_ಓದೋಳು:
ಮರೆವು ಬಿಡಿ, ನನಗೆ ತಲೆನೋವು ಅದರ ಒಳ್ಳೇತನ. ಅಣ್ಣತಮ್ಮಂದ್ರ ಆಸ್ತಿ ಜಗಳ ಹತ್ತಿಸಿ ಬಿಟ್ರೆ ಮುಂದಿನ ಪ್ಯಾರಾದಲ್ಲೇ ಇಬ್ರೂ ತಬ್ಕೊಂಡು ಅಳ್ತಾರೆ, ನಮ್ಮೂರಲ್ಲಿ ಪಾಲುಪಟ್ಟಿ ಹಂಗೆ ಮುಗಿದಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಈಗ ಪೂರ್ತಿ ಪ್ಯಾರಾ ಕೊಡಲ್ಲ, "ತಮ್ಮ ಬೇಲಿ ಕಿತ್ತ, ಮುಂದಿನ ಎರಡೇ ಸಾಲು ಬರಿ, ಯಾರೂ ಕ್ಷಮೆ ಕೇಳಬಾರದು" ಅಂತೀನಿ. ಐದು ಥರ ಬರೆಸಿ ಒಂದಿಟ್ಕೊಂಡು ಮಾತುಕತೆ ಮಾತ್ರ ನಾನೇ ಬರೀತೀನಿ, ಇಲ್ಲಾಂದ್ರೆ ಹಳ್ಳಿ ಅಜ್ಜಿನೂ ವಾರ್ತೆ ಓದ್ತಾಳೆ.