ಬಣ್ಣ ಹರಡಿದಾಗ ಅಳು, ಪೆನ್ಸಿಲ್ ಹಿಡಿದಾಗ ಮೌನ: ಕಲಾ ಚಿಕಿತ್ಸೆಯಲ್ಲಿ ಸಾಮಗ್ರಿಯ ಪಾತ್ರವೇನು?

ಪ್ರಶ್ನೆ: ತೀರ್ಥಹಳ್ಳಿಯ ಓದುಗಿ

ನಮ್ಮೂರಿನ ಹಗಲು ಆರೈಕೆ ಕೇಂದ್ರವೊಂದರಲ್ಲಿ, ಆಪ್ತಸಮಾಲೋಚಕಿಯೊಬ್ಬರ ಮಾರ್ಗದರ್ಶನದಲ್ಲಿ, ವಾರಕ್ಕೊಮ್ಮೆ ಚಿತ್ರ ಬಿಡಿಸುವ ಅವಧಿಯನ್ನು ನಡೆಸುತ್ತಿದ್ದೇನೆ. ಅಲ್ಲಿಗೆ ಬರುವ ಮಹಿಳೆಯೊಬ್ಬರು ಪೆನ್ಸಿಲ್ ಕೊಟ್ಟರೆ ಮನೆ, ಬಾವಿ, ಅಡಿಕೆ ತೋಟ ಎಲ್ಲವನ್ನೂ ಹಾಳೆಯ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಿಡಿಸಿ ಸುಮ್ಮನೆ ಕುಳಿತುಬಿಡುತ್ತಾರೆ. ಜಲವರ್ಣ ಕೊಟ್ಟ ದಿನ, ನೀಲಿ ಬಣ್ಣ ಹರಡಿ ಮನೆಯ ಗೆರೆಯನ್ನು ದಾಟಿದ ಕೂಡಲೇ ಕುಂಚವನ್ನು ಕೆಳಗಿಟ್ಟು ಅತ್ತರು. ಸಾಮಗ್ರಿ ಬದಲಾದದ್ದಕ್ಕೇ ಇಷ್ಟು ವ್ಯತ್ಯಾಸವಾಗುತ್ತದೆಯೇ? ಮುಂದಿನ ವಾರ ಏನನ್ನು ಕೊಡುವುದು ಸರಿ?

ಉತ್ತರ: ಶಿವಮೊಗ್ಗದಿಂದ, ಕಲಾ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು

ಖಂಡಿತ ಆಗುತ್ತದೆ, ಮೇಡಂ. ಅಮೆರಿಕದ ಸ್ಯಾಂಡ್ರಾ ಕಾಗಿನ್ ಮತ್ತು ವಿಯಾ ಲೂಸ್‌ಬ್ರಿಂಕ್ 1978ರಲ್ಲಿ ಮುಂದಿಟ್ಟ ಚೌಕಟ್ಟೊಂದು ಇಂದಿಗೂ ಈ ಕ್ಷೇತ್ರದಲ್ಲಿ ಬಳಕೆಯಲ್ಲಿದೆ. ಚಿತ್ರ ಬಿಡಿಸುವಾಗ ಮನಸ್ಸು ಚಲನೆ ಮತ್ತು ಸ್ಪರ್ಶದ ಮಟ್ಟದಲ್ಲಿ, ಆಕಾರ ಮತ್ತು ಭಾವನೆಯ ಮಟ್ಟದಲ್ಲಿ, ಇಲ್ಲವೇ ಯೋಚನೆ ಮತ್ತು ಸಂಕೇತದ ಮಟ್ಟದಲ್ಲಿ ಕೆಲಸ ಮಾಡುತ್ತದೆ ಎಂದು ಅದು ಹೇಳುತ್ತದೆ. ನೀರಿನಂತೆ ಹರಿಯುವ ಬಣ್ಣಗಳು ಸಾಮಾನ್ಯವಾಗಿ ಭಾವನೆಯನ್ನು ಬೇಗ ಮೇಲಕ್ಕೆ ತರುತ್ತವೆ. ಪೆನ್ಸಿಲ್, ಸ್ಕೆಚ್ ಪೆನ್ನಿನಂತಹ ಗಟ್ಟಿ ಸಾಮಗ್ರಿಗಳು ಕೈಗೆ ಹಿಡಿತವನ್ನು ಕೊಟ್ಟು ಯೋಚನೆಯ ಕಡೆಗೆ ಒಯ್ಯುತ್ತವೆ. ಮನೆಯ ಗೆರೆಯನ್ನು ಬಣ್ಣ ದಾಟಿದ್ದು ಅವರಿಗೆ ಹಿಡಿತ ತಪ್ಪಿದ ಅನುಭವವಾಗಿರಬಹುದು. ಆದರೆ ಆ ಅಳುವಿನ ಅರ್ಥವನ್ನು ಅವರೇ ಹೇಳಬೇಕೇ ಹೊರತು ನಾವು ಚಿತ್ರ ನೋಡಿ ತೀರ್ಮಾನಿಸಬಾರದು.

ಮುಂದಿನ ವಾರ ಪೆನ್ಸಿಲ್ಲಿಗೂ ಜಲವರ್ಣಕ್ಕೂ ನಡುವಿನದಾದ ಆಯಿಲ್ ಪೇಸ್ಟಲ್ ಇಟ್ಟು ನೋಡಿ. ಅದರಲ್ಲಿ ಬಣ್ಣ ದಟ್ಟವಾಗಿ ಬರುತ್ತದೆ, ಬೆರಳಿನಿಂದ ಉಜ್ಜಿದರೆ ಮಾತ್ರ ಹರಡುತ್ತದೆ, ಆದ್ದರಿಂದ ಎಷ್ಟು ಹರಡಬೇಕೆಂಬುದು ಅವರ ಕೈಯಲ್ಲೇ ಇರುತ್ತದೆ. ಹಾಳೆಯ ಸುತ್ತ ಟೇಪಿನ ಅಂಚು ಹಾಕುವುದು, ಸಣ್ಣ ಹಾಳೆ ಕೊಡುವುದು, ಒಂದೆರಡೇ ಬಣ್ಣ ಇಡುವುದು ಕೂಡ ಭಾವನೆಯ ರಭಸವನ್ನು ತಗ್ಗಿಸುತ್ತವೆ. ಎರಡು ಮೂರು ಸಾಮಗ್ರಿಗಳನ್ನು ಮುಂದಿಟ್ಟು ಆಯ್ಕೆಯನ್ನು ಅವರಿಗೇ ಬಿಡಿ, ಅವರು ಅತ್ತ ವಿಷಯವನ್ನು ಆಪ್ತಸಮಾಲೋಚಕಿಗೆ ಈಗಲೇ ತಿಳಿಸಿ.

ಉತ್ತರ: ಸಾಗರದಿಂದ

ನಮ್ಮ ಕಡೆಯ ಹಸೆ ಚಿತ್ತಾರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚವನ್ನು ಅದ್ದಿ, ಉಸಿರು ಬಿಗಿಹಿಡಿದು ಎಳೆಯ ಪಕ್ಕಕ್ಕೆ ಎಳೆ ಎಳೆಯುವುದನ್ನು ನೋಡುತ್ತಾ ಬೆಳೆದವಳು ನಾನು. ಬಣ್ಣ ನೀರಿನದೇ ಆದರೂ ನಾರಿನ ಕುಂಚ ಅದನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಹಾಗಾಗಿ ಕೈ ತಾನಾಗಿ ನಿಧಾನವಾಗುತ್ತದೆ. ಬಣ್ಣ ಯಾವುದು ಎಂಬುದರ ಜೊತೆಗೆ ಕೈಗೂ ಬಣ್ಣಕ್ಕೂ ನಡುವೆ ಯಾವ ಸಲಕರಣೆ ಇದೆ ಎಂಬುದೂ ಮುಖ್ಯ ಎಂದು ನನಗೆ ಅದರಿಂದಲೇ ತಿಳಿದದ್ದು. ಮದುವೆಯ ಶಾಸ್ತ್ರಕ್ಕೆ ಸೇರಿದ ಆ ಚಿತ್ತಾರವನ್ನೇ ಚಿಕಿತ್ಸೆಯ ಅಭ್ಯಾಸವಾಗಿ ಬಳಸಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಂತಹ ಕುಂಚವನ್ನು ಕೊಟ್ಟು ನೋಡಬಹುದು.

ಉತ್ತರ: ಹೊಸನಗರದಿಂದ

ಜೇಡಿಮಣ್ಣನ್ನು ಯಾರೂ ಹೆಸರಿಸಲಿಲ್ಲ. ಗಟ್ಟಿಯಾಗಿ ಕಲಸಿದರೆ ಅದು ಗುದ್ದಿದ ಪೆಟ್ಟನ್ನೆಲ್ಲ ತಾಳಿಕೊಳ್ಳುತ್ತದೆ, ಕೋಪವಿರುವವರಿಗೆ ಅದು ಅನುಕೂಲ. ನೀರು ಹೆಚ್ಚಾದರೆ ಅದೇ ಮಣ್ಣು ಕೆಸರಾಗಿ, ಕೆಲವರಿಗೆ ಹಿತವನ್ನೂ ಕೆಲವರಿಗೆ ತಾಳಲಾರದ ಹೇಸಿಗೆಯನ್ನೂ ಹುಟ್ಟಿಸುತ್ತದೆ. ಕೈ ತೊಳೆಯಲು ನೀರು, ಬಟ್ಟೆ ಪಕ್ಕದಲ್ಲೇ ಇದ್ದರೆ ಮುಟ್ಟಲು ಧೈರ್ಯ ಬರುತ್ತದೆ.

ಇನ್ನೊಂದು ವಿಷಯ: ನಮ್ಮ ಆಷಾಢದ ಮಳೆಯಲ್ಲಿ ಹಾಳೆ ಗಾಳಿಯ ತೇವವನ್ನೇ ಹೀರಿ ಮೆತ್ತಗಾಗಿರುತ್ತದೆ, ಬಣ್ಣ ಬೇಗ ಆರುವುದೇ ಇಲ್ಲ. ಆ ಅವಧಿ ಮಳೆಗಾಲದಲ್ಲಿ ನಡೆದಿದ್ದರೆ, ಬಣ್ಣ ಅಷ್ಟು ದೂರ ಹರಡಲು ಅದೂ ಕಾರಣವಿರಬಹುದು. ಜಲವರ್ಣವನ್ನೇ ಮತ್ತೆ ಕೊಡುವುದಾದರೆ ದಪ್ಪ ಹಾಳೆಯನ್ನು ಕೊಡಿ, ಮೊದಲು ಬೇರೊಂದು ತುಂಡಿನ ಮೇಲೆ ಬಣ್ಣ ಎಷ್ಟು ಹರಡುತ್ತದೆಂದು ಅವರೇ ನೋಡಿಕೊಳ್ಳಲಿ.