ಬಿಬಿಸಿ ಮೈಕ್ರೊ ಪವರ್ ಸಪ್ಲೈಯಿಂದ ಹೊಗೆ ಬಂತು: ಬೋರ್ಡ್ ಉಳಿದಿದೆಯೇ?

ಧಾರವಾಡದವ:
1984ರ 'ಕ್ಲಾಸ್' ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಬ್ರಿಟಿಷ್ ಕಂಪ್ಯೂಟರುಗಳು ಬಂದಿದ್ದವಲ್ಲ, ಅಂಥದ್ದೊಂದು ನಮ್ಮ ಸೋದರಮಾವನ ಅಟ್ಟದಿಂದ ನನ್ನ ಕೈಗೆ ಬಂದಿದೆ. ಸ್ವಿಚ್ ಹಾಕಿದರೆ ಬೀಪ್ ಆಗಿ ಬೇಸಿಕ್ ಪ್ರಾಂಪ್ಟೂ ಬಂತು. ಸ್ವಲ್ಪ ಹೊತ್ತಿಗೆ ಎಡಗಡೆ ಪಟ್ ಎಂದು ಸದ್ದು, ಬಿಳಿ ಹೊಗೆ, ತಡೆಯಲಾರದ ಕಮಟು. ಪ್ಲಗ್ ಕೀಳುವವರೆಗೂ ಪರದೆ ಮಾತ್ರ ಹಾಗೇ ಇತ್ತು. ಸಪ್ಲೈ ಎಸೆದು 5 ವೋಲ್ಟ್‌ನ ಹೊಸ ಅಡಾಪ್ಟರ್ ಹಾಕಲೇ?

ಸೀರೀಸ್_ಬಲ್ಬ್, ಮೈಸೂರು:
ದಯವಿಟ್ಟು ಎಸೆಯಬೇಡಿ. ಹೊಗೆ ಬಂದ ಮೇಲೂ ಪರದೆ ನಿಂತಿತ್ತು ಎಂದಿರಲ್ಲ, ಬೋರ್ಡ್ ಬಹುಪಾಲು ಕ್ಷೇಮ.

ಮೊದಲು ಸಪ್ಲೈ ಯಾವುದೆಂದು ನೋಡಿ. ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್ ಇದ್ದು ಎತ್ತಿದರೆ ಭಾರವಾಗಿದ್ದರೆ ಲೀನಿಯರ್. ತೀರಾ ಮೊದಲ ಯಂತ್ರಗಳಲ್ಲಿ ಕಪ್ಪು ಡಬ್ಬಿಯಲ್ಲಿ ಬರುತ್ತಿತ್ತು, ವಿಪರೀತ ಬಿಸಿಯಾಗುತ್ತಿತ್ತು. ನಿಮ್ಮದು ಹಗುರವಾದ ಸ್ವಿಚ್-ಮೋಡ್ ಇರಬೇಕು. ಅದರ ಮೇನ್ಸ್ ಫಿಲ್ಟರಿನಲ್ಲಿ ಲೋಹ ಲೇಪಿಸಿದ ಕಾಗದದ ಎಕ್ಸ್2 ದರ್ಜೆಯ (ಮೇನ್ಸಿನ ಎರಡು ತಂತಿಗಳ ನಡುವೆ ಹಾಕುವ) ಕೆಪಾಸಿಟರ್‌ಗಳಿವೆ, ಹಳದಿ ಛಾಯೆಯ ಪಾರದರ್ಶಕ ಹೊದಿಕೆಯವು. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಮೈತುಂಬ ಕೂದಲೆಳೆಯ ಬಿರುಕು ಕಾಣುತ್ತದೆ. ಆ ಬಿರುಕಿನಲ್ಲಿ ತೇವ ಒಳಗಿಳಿದು ಕಾಗದ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರಕ್ಕೆ ಏಕಾಏಕಿ 230 ವೋಲ್ಟ್ ಕೊಟ್ಟಾಗ ಸುಡುವುದು ಇವೇ. ಇವುಗಳ ಕೆಲಸ ಮೇನ್ಸಿನ ವಿದ್ಯುತ್ ಗದ್ದಲ ಸೋಸುವುದಷ್ಟೇ ಆದ್ದರಿಂದ ಇವು ಸತ್ತರೂ ಔಟ್‌ಪುಟ್ ನಿಲ್ಲಲಿಲ್ಲ.

ಒಂದು 0.1 ಮೈಕ್ರೊಫ್ಯಾರಡ್, ಇನ್ನೊಂದು 0.01. ಸುಟ್ಟದ್ದು ಒಂದೇ ಆದರೂ ಎರಡನ್ನೂ ಬದಲಿಸಿ. 275 ವೋಲ್ಟ್ ಎಸಿ ಎಂದಿರುವ ಪಾಲಿಪ್ರೊಪಿಲಿನ್ ಎಕ್ಸ್2 ತನ್ನಿ. ಕಾಲುಗಳ ಅಂತರ ಅಳೆದುಕೊಂಡೇ ಅಂಗಡಿಗೆ ಹೋಗಿ. ಜೊತೆಗೆ 220 ಮೈಕ್ರೊಫ್ಯಾರಡ್‌ನ ಸಣ್ಣ ಎಲೆಕ್ಟ್ರೊಲೈಟಿಕ್ ಒಂದಿದೆ, ಅದು ಒಣಗಿದರೆ ಸಪ್ಲೈ ಶುರುವಾಗಲು ತಿಣುಕುತ್ತದೆ. ಅದನ್ನೂ 105 ಡಿಗ್ರಿ ಶಾಖ ತಾಳುವಂಥದ್ದಕ್ಕೆ ಬದಲಿಸಿಬಿಡಿ.

ಎಚ್ಚರ: ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಮೀಟರ್ ಹಿಡಿದು ಸೊನ್ನೆಗೆ ಇಳಿದದ್ದನ್ನು ಕಂಡೇ ಕೈ ಹಾಕಿ. ಇಳಿಯದಿದ್ದರೆ ದಪ್ಪ ರೆಸಿಸ್ಟರ್ ಮೂಲಕ ಇಳಿಸಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವವರನ್ನು ಕಂಡಿದ್ದೇನೆ, ಅದು ಸರಿಯಲ್ಲ.

ಅಡಾಪ್ಟರ್ ಬಗ್ಗೆ: +5 ವೋಲ್ಟ್ ಮಾತ್ರ ಕೊಟ್ಟರೆ ಯಂತ್ರ ಏಳುತ್ತದೆ, ಆದರೆ ಧ್ವನಿಗೂ ಆರ್‌ಎಸ್423 ಸೀರಿಯಲ್ ಪೋರ್ಟಿಗೂ -5 ವೋಲ್ಟ್ ಬೇಕು. ನೇರಳೆ ತಂತಿ ಅದರದ್ದೇ.

ಹುಬ್ಬಳ್ಳಿ_ಸೋಲ್ಡರ್:
ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಲೈನ್ ಮತ್ತು ಅರ್ಥ್ ನಡುವೆ ಇರುವುದು ವೈ ದರ್ಜೆಯ (ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ) ಕೆಪಾಸಿಟರ್. ಆ ಜಾಗಕ್ಕೆ ಎಕ್ಸ್ ದರ್ಜೆಯದ್ದು ಎಂದಿಗೂ ಬೇಡ, ಶಾರ್ಟ್ ಆದರೆ ಅರ್ಥ್‌ಗೆ ಮೇನ್ಸ್ ಹರಿಯುತ್ತದೆ. ಬಿಡಿಭಾಗ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ವಿಚಾರಿಸಿ.

ಧಾರವಾಡದವ:
ಬಿಚ್ಚಿದೆ. ಸ್ವಿಚ್-ಮೋಡೇ. ದೊಡ್ಡ ಹಳದಿಯದ್ದು ಒಡೆದು ಕಂದು ಅಂಟು ಸುರಿಸಿದೆ, ಚಿಕ್ಕದರ ಮೈಮೇಲೂ ಬಿರುಕು. ಬದಲಿಸಿದ ಮೇಲೆ ನೇರ ಬೋರ್ಡಿಗೆ ಹಾಕಬಹುದೇ?

ಸೀರೀಸ್_ಬಲ್ಬ್, ಮೈಸೂರು:
ಬೇಡ. ಖಾಲಿ ಬಿಟ್ಟೂ ಪರೀಕ್ಷಿಸಬೇಡಿ, ಲೋಡ್ ಇಲ್ಲದ ಹಳೆಯ ಸ್ವಿಚ್-ಮೋಡಿನ ರೀಡಿಂಗ್ ನಂಬುವಂತಿಲ್ಲ. ಕೆಂಪು (+5) ಮತ್ತು ಕಪ್ಪು (0 ವೋಲ್ಟ್) ತಂತಿಗಳ ನಡುವೆ 4.7 ಓಮ್, 10 ವ್ಯಾಟ್ ರೆಸಿಸ್ಟರ್ ಕಟ್ಟಿ. ಒಂದು ಆಂಪಿಯರ್‌ಗೂ ಚೂರು ಹೆಚ್ಚು ಎಳೆಯುತ್ತದೆ. ಬಿಸಿಯಾಗುತ್ತದೆ, ಮರದ ಮೇಜಿನ ಮೇಲೆ ಬೇಡ. ಮೇನ್ಸ್ ಕಡೆ 60 ವ್ಯಾಟಿನ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ. ಬಲ್ಬು ಮಿಂಚಿ ಮಂಕಾದರೆ ಸರಿ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಇನ್ನೂ ಶಾರ್ಟ್ ಇದೆ, ಆರಿಸಿಬಿಡಿ. ಶಾರ್ಟ್ ಇಲ್ಲವೆಂದಾದ ಮೇಲೆ ಬಲ್ಬು ತೆಗೆದು ಅಳೆಯಿರಿ. +5 ಎಂಬುದು 4.75ರಿಂದ 5.25ರೊಳಗೆ ಅಲುಗದೆ ನಿಂತರೆ ಬೋರ್ಡಿಗೆ ಜೋಡಿಸಿ. ರೀಡಿಂಗ್ ಇಲ್ಲಿ ಹಾಕಿ, ನೋಡೋಣ.