‘ಲೆಕ್ಕಕ್ಕೇ ಇಲ್ಲ’ ಅನ್ನುವುದರ ಎದುರು ಪದ ಯಾವುದು?

ಗೆಳೆಯರೇ,

ಕುಮಟಾ ಕಡೆಯ ಗೇರುಬೀಜ ಕೆಲಸಗಾರರಿಗಾಗಿ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲಸದಲ್ಲಿ ನ್ಯಾಯವಾಗಿ ನಡೆಸಿಕೊಂಡರೆ ಆ ಜಾಗ ತಮ್ಮದು ಅನ್ನಿಸುತ್ತದೆಯೇ ಅಂತ ಕೇಳಬೇಕು. ಪದಗಳೇ ಕೈಕೊಡುತ್ತಿವೆ.

ಸಂಸ್ಥೆಯನ್ನು ಜನ ಎಷ್ಟು ತಮ್ಮದು ಅಂದುಕೊಳ್ಳುತ್ತಾರೆ ಅಂತ ಅಳೆಯಲು ಮೇಲ್ ಮತ್ತು ಆ್ಯಶ್‌ಫೋರ್ತ್ ಎಂಬ ಸಂಶೋಧಕರು 1992ರಲ್ಲಿ ಬಳಸಿದ ಒಂದು ಪ್ರಶ್ನೆ: ಸಂಸ್ಥೆಯ ಬಗ್ಗೆ ಮಾತಾಡುವಾಗ ‘ಅವರು’ ಅನ್ನುತ್ತೀರೋ, ‘ನಾವು’ ಅನ್ನುತ್ತೀರೋ? ನಮ್ಮಲ್ಲಿ ಇದು ನಡೆಯುವುದಿಲ್ಲ. ಧಣಿಯ ಮೇಲೆ ಸಿಟ್ಟಿದ್ದವರೂ ‘ನಮ್ಮ ಫ್ಯಾಕ್ಟರಿ’ ಅಂತಲೇ ಬೈಯುತ್ತಾರೆ, ‘ನಮ್ಮ ಬಸ್ಸು ತಪ್ಪಿತು’ ಅಂದ ಹಾಗೆ. ‘ಅವರು’ ಮರ್ಯಾದೆಯ ಮಾತೂ ಹೌದು, ಅಲ್ವಾ?

‘ನ್ಯಾಯ’ ಅಂದರೆ ಹಳ್ಳಿಯಲ್ಲಿ ಜಗಳ, ಪಂಚಾಯ್ತಿ ನೆನಪಾಗುತ್ತದೆ. ಹಂಚುವುದರಲ್ಲಿ ಆಗುವ ಅನ್ಯಾಯಕ್ಕೆ ‘ಪಂಕ್ತಿಭೇದ’ ಇದೆ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ ಜಾಸ್ತಿ, ಪಕ್ಕದ ಎಲೆಗೆ ಕಮ್ಮಿ. ಎಂಥ ಒಳ್ಳೆ ಪದ! ಆದರೆ ಹಂಚಿಕೆ ಸರಿಯಿದ್ದೂ ನಡೆಸಿಕೊಂಡ ರೀತಿ ನೋಯಿಸಿದರೆ?

ಮೊನ್ನೆ ಬೀಜದ ಸಿಪ್ಪೆ ತೆಗೆಯುವ ಹೆಂಗಸೊಬ್ಬರು ಸಿಕ್ಕಿದ್ದರು. ಕೂಲಿ ಕಿಲೋ ಲೆಕ್ಕ. ಹಿಂದೆ ದುಡಿದ ಕಡೆ ತಕ್ಕಡಿಯ ಮುಖ ಯಾವಾಗಲೂ ಬರೆದುಕೊಳ್ಳುವವರ ಕಡೆಗೇ ಇತ್ತಂತೆ. ಮಾತಾಡುವಾಗಲೂ ಅವರ ಹೆಬ್ಬೆರಳು ಸಿಪ್ಪೆ ಉಜ್ಜುವ ಹಾಗೆ ತೋರುಬೆರಳ ಮೇಲೆ ಓಡುತ್ತಿತ್ತು. ‘ಕಮ್ಮಿ ಬರೆದರು ಅಂತಲ್ಲ. ಒಂದ್ಸಲ ಈಚೆ ತಿರುಗಿಸಿ ತೋರಿಸಬಹುದಿತ್ತಲ್ಲ? ನಾವು ಅಲ್ಲಿ ಲೆಕ್ಕಕ್ಕೇ ಇಲ್ಲ’ ಅಂದರು. ವರ್ಷದೊಳಗೆ ಬಿಟ್ಟು ಬಂದರಂತೆ.

ಟೈಲರ್ ಮತ್ತು ಬ್ಲೇಡರ್ ಎಂಬ ಸಂಶೋಧಕರು 2003ರಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಮೇಲಿನವರು ನಡೆಸಿಕೊಳ್ಳುವ ರೀತಿಯಲ್ಲಿ ಜನ ತಮಗೆ ಆ ಗುಂಪಿನಲ್ಲಿ ಎಷ್ಟು ಬೆಲೆಯಿದೆ ಅಂತ ಓದಿಕೊಳ್ಳುತ್ತಾರೆ. ಮನಸ್ಸಿಟ್ಟು ದುಡಿಯುವುದು, ಸುಮ್ನೆ ಹೊತ್ತು ಕಳೆಯುವುದು ಅದರ ಮೇಲೆ ನಿಂತಿದೆ.

‘ಲೆಕ್ಕಕ್ಕೇ ಇಲ್ಲ’ ಎಲ್ಲರ ಬಾಯಲ್ಲಿದೆ. ಲೆಕ್ಕಕ್ಕೆ ಇರುವುದಕ್ಕೆ ಏನನ್ನಬೇಕು? ‘ಅಸ್ಮಿತೆ’ಯನ್ನು ಆ ಹೆಂಗಸಿನ ಮುಂದಿಡಲು ನನಗೆ ಮನಸ್ಸಿಲ್ಲ. ‘ಗುರುತು’ ಅಂದರೆ ಗುರುತಿನ ಚೀಟಿ ಅನ್ನಿಸುತ್ತದೆ. ‘ನಮ್ಮತನ’ ಊರಿಗೆ, ನುಡಿಗೆ ಒಪ್ಪುತ್ತದೆ, ಫ್ಯಾಕ್ಟರಿಗಲ್ಲ. ಸದ್ಯಕ್ಕೆ ‘ಇಲ್ಲಿ ನಿಮ್ಮನ್ನೂ ಒಬ್ಬರು ಅಂತ ಲೆಕ್ಕಕ್ಕೆ ಹಿಡಿಯುತ್ತಾರೆಯೇ?’ ಅಂತ ಬರೆದಿಟ್ಟಿದ್ದೇನೆ.

ಕಾರವಾರ, ಅಂಕೋಲಾ ಕಡೆ, ಕೊಂಕಣಿ ಮನೆಮಾತಿನವರ ಕನ್ನಡದಲ್ಲಿ, ಸಿರಸಿಯ ಹವ್ಯಕರಲ್ಲಿ ಇದಕ್ಕೆ ಬೇರೆ ಮಾತಿದೆಯೇ? ಇದ್ದರೆ ಪದ ಒಂದನ್ನೇ ಅಲ್ಲ, ಕೇಳಿದ ವಾಕ್ಯವನ್ನೂ ಬರೆಯಿರಿ.